ಶಾದ್‌ನಗರ ದಾಟಿದ ಪ್ರಾರ್ಥನೆ

ಊಟಕ್ಕೆ ಮುಂಚೆ ಯಾರಾದರೂ ಪ್ರಾರ್ಥನೆ ಶುರು ಮಾಡಿದರೆ ನಾನು ಒಂದು ಕಣ್ಣನ್ನು ಅರ್ಧ ತೆರೆದೇ ಇಟ್ಟುಕೊಳ್ಳುತ್ತೇನೆ. ಹುಟ್ಟಾ ಕ್ರೈಸ್ತಳಾದ ನನಗೆ ಈ ಚಾಳಿ ತವರಿನಿಂದ ಬಂದದ್ದಲ್ಲ. ಕಲಿಸಿದವರು ಹೈದರಾಬಾದಿನ ಉಪ್ಪಲ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಕಳೆದ ತಿಂಗಳು ಅವರು ತೀರಿಕೊಂಡರು. ಸಮಾಧಿಯ ಪಕ್ಕದಲ್ಲಿ ಪಾಸ್ಟರು ಪ್ರಾರ್ಥನೆ ಮಾಡುವಾಗಲೂ ಅವರ ನೆನಪಿಗೆಂದು ನಾನು ಒಂದು ಕಣ್ಣು ತೆರೆದೇ ನಿಂತಿದ್ದೆ. ಪ್ರಾರ್ಥನೆ ಬಹಳ ಉದ್ದವಾಗಿತ್ತು. ಅವರು ಪಕ್ಕದಲ್ಲಿದ್ದಿದ್ದರೆ ನನ್ನ ಕಡೆ ವಾಲಿ, ಯಾವ ಸ್ಟೇಷನ್ ಬಂತೆಂದು ಪಿಸುಗುಟ್ಟುತ್ತಿದ್ದರು. ಅದನ್ನು ನೆನೆದು ಅಳುವೂ ನಗುವೂ ಒಟ್ಟಿಗೇ ಬಂತು. ಕರ್ಚೀಫಿನಿಂದ ಮುಖ ಪೂರ್ತಿ ಮುಚ್ಚಿಕೊಂಡು ನಿಂತೆ.

ಸ್ಟೇಷನ್ನಿಗೂ ಪ್ರಾರ್ಥನೆಗೂ ಏನು ಸಂಬಂಧ ಎಂದು ಹೇಳಬೇಕಾದರೆ ಆ ಮನೆಗೆ ಹೋದ ಮೊದಲ ದಿನದಿಂದಲೇ ಶುರು ಮಾಡಬೇಕು.

ನಾನು ಮಂಗಳೂರು ಕಡೆಯ ಕ್ಯಾಥೊಲಿಕ್. ಉಪ್ಪಲ್‌ನ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿ, ಅವರ ಮನೆಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೆ. ಅವರು ರಾಯಚೂರು ಕಡೆಯ ಪ್ರಾಟೆಸ್ಟೆಂಟರು. ಓಣಿಯಲ್ಲಿ ಎಲ್ಲರ ಬಾಯಲ್ಲೂ ಅವರು ಗಾರ್ಡ್ ಸಾಹೇಬರು. ಅವರ ಹೆಂಡತಿ ಚರ್ಚಿನ ಮಹಿಳಾ ಸಂಘವನ್ನು ನಡೆಸುತ್ತಿದ್ದುದರಿಂದ ಅಮ್ಮಾರು. ಸಾಮಾನು ಮೇಲೇರಿಸಿ ಸುಸ್ತಾಗಿದ್ದ ಸಂಜೆ ಅಮ್ಮಾರು ಕೆಳಗಿನಿಂದ ಕೂಗಿ ಊಟಕ್ಕೆ ಕರೆದರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೆಣ್ಣೆ. ನನಗೆ ಎಷ್ಟು ಹಸಿವಾಗಿತ್ತೆಂದರೆ ಸಂಕೋಚವೆಲ್ಲ ಮೇಲಿನ ಕೋಣೆಯಲ್ಲೇ ಉಳಿದುಬಿಟ್ಟಿತ್ತು.

ನಮ್ಮ ಕಡೆ ಊಟದ ಪ್ರಾರ್ಥನೆ ಎಂದರೆ ಬಾಯಿಪಾಠ. ಶಿಲುಬೆಯ ಗುರುತು ಹಾಕಿ, ಒಂದೇ ಉಸಿರಿಗೆ ಹೇಳಿ ಮುಗಿಸಿ, ಮತ್ತೆ ಶಿಲುಬೆಯ ಗುರುತು ಹಾಕುವಷ್ಟರಲ್ಲಿ ಇನ್ನೊಂದು ಕೈ ಮೀನಿನ ಮೇಲಿರುತ್ತದೆ. ಆ ಲೆಕ್ಕದಲ್ಲೇ ನಾನು ಮುಗಿಸಿ ರೊಟ್ಟಿಗೆ ಕೈ ಹಾಕಿದೆ. ನೋಡಿದರೆ ಅಮ್ಮಾರು ಆಗಷ್ಟೇ ಸೆರಗು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದರು. ಕೈ ಹಿಂದಕ್ಕೆ ತೆಗೆದುಕೊಂಡೆ.

ಅವರದು ಬಾಯಿಪಾಠವಲ್ಲ, ಮನಸ್ಸಿಗೆ ಬಂದಂತೆ ಮಾಡುವ ಪ್ರಾರ್ಥನೆ. ಅವರ ಮನಸ್ಸೋ, ದೊಡ್ಡದು. ಬೆಳಗಿನ ಸೂರ್ಯನನ್ನು ಕಳಿಸಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದರು. ನಳದಲ್ಲಿ ನೀರು ಬಂದದ್ದಕ್ಕೆ, ಬಾರದ ದಿನ ಟ್ಯಾಂಕರ್ ಬಂದದ್ದಕ್ಕೆ, ಟ್ಯಾಂಕರ್ ಓಡಿಸುವವನ ಹೆಂಡತಿಯ ಹೆರಿಗೆ ಸಸೂತ್ರವಾದದ್ದಕ್ಕೆ ಸ್ತೋತ್ರ ಹೇಳಿದರು. ಕರ್ನಾಟಕ, ತೆಲಂಗಾಣ ಎರಡೂ ಸರ್ಕಾರದವರಿಗೆ ಬುದ್ಧಿ ಬೇಡಿದರು. ಎದುರುಮನೆಯವರ ಮೊಣಕಾಲು, ಮೆಟ್ರೊ ಕಂಬದ ಮೇಲೆ ಹತ್ತಿ ಕೆಲಸ ಮಾಡುವ ತಮ್ಮೂರ ಕಡೆಯ ಹುಡುಗರು, ಸಿಕಂದರಾಬಾದಿನಲ್ಲಿರುವ ಮಗಳು ಮತ್ತು ಆಕೆಯ ಅತ್ತೆ, ಎಲ್ಲರೂ ಬಂದು ಹೋದರು. ರೊಟ್ಟಿಯ ಮೇಲಿನ ಹಬೆ ಮೊದಲು ಸಣ್ಣಗಾಯಿತು, ಆಮೇಲೆ ನಿಂತೇಹೋಯಿತು. ನಾನು ಮೆಲ್ಲಗೆ ಒಂದು ಕಣ್ಣು ತೆರೆದೆ. ಎದುರಿಗೆ ಗಾರ್ಡ್ ಸಾಹೇಬರ ಒಂದು ಕಣ್ಣು ನನಗಿಂತ ಮೊದಲೇ ತೆರೆದಿತ್ತು. ಅದು ರೊಟ್ಟಿಯನ್ನು ನೋಡುತ್ತಿತ್ತು.

ನನ್ನನ್ನು ಕಂಡು ಅವರು ಸ್ವಲ್ಪ ವಾಲಿದರು. "ಫಲಕ್‌ನುಮಾ" ಎಂದರು ಪಿಸುಮಾತಿನಲ್ಲಿ.

ನಾನು ಕಣ್ಣು ಮುಚ್ಚಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿಸಿತು. "ಶಾದ್‌ನಗರ."

ಪಾಪ, ವಯಸ್ಸಾಗಿದೆ, ತಲೆ ಸರಿಯಿಲ್ಲ ಎಂದುಕೊಂಡೆ. ಆಮೆನ್ ಆದ ಮೇಲೆ ಅವರೇ ಬಿಡಿಸಿ ಹೇಳಿದರು.

"ತಪ್ಪ ತಿಳ್ಕೋಬ್ಯಾಡ್ರಿ ಟೀಚರ್‌ಬಾಯಿ. ಕಾಚಿಗೂಡದಾಗ ನನ್ನ ಗಾಡಿ ಬಿಟ್ರ ಫಲಕ್‌ನುಮಾ, ಉಮ್ದಾನಗರ, ಶಾದ್‌ನಗರ, ಮೆಹಬೂಬ್‌ನಗರ, ಗದ್ವಾಲ, ಆಮ್ಯಾಲ ರಾಯಚೂರ. ಆಕಿ ಪ್ರಾರ್ಥನಿ ಇವತ್ತ ಶಾದ್‌ನಗರ ದಾಟಿ ನಿಂತಿತು. ನಿಮ್ಮ ನಸೀಬ ಚೊಲೋ ಐತಿ. ಹಬ್ಬದ ದಿನಾ ಗದ್ವಾಲ ಮುಟ್ಟತೈತಿ."

"ದೇವ್ರ ಮುಂದ ಕುಂತಾಗೂ ಇವ್ರಿಗಿ ಟೈಮ್‌ಟೇಬಲ್ಲ" ಎಂದು ಅಮ್ಮಾರು ನನ್ನ ತಾಟಿಗೆ ಬೆಣ್ಣೆ ಹಾಕಿದರು. ತಣ್ಣಗಿನ ರೊಟ್ಟಿಯ ಮೇಲೆ ಬೆಣ್ಣೆ ಕರಗಲಿಲ್ಲ.

ಗಾರ್ಡ್ ಸಾಹೇಬರ ಸ್ವಂತದ ಪ್ರಾರ್ಥನೆ ಬೇರೆಯೇ ಇತ್ತು. ಅದು ಪೂರ್ತಿ ಹೀಗೆ: "ಎಲ್ಲಾ ಸರಿ ಐತಿ ಪ್ರಭು. ಗಾಡಿ ಬಿಡು. ಆಮೆನ್." ಅಷ್ಟೇ. ಗಾರ್ಡಿನ ಕೆಲಸದಿಂದ ಬಂದದ್ದು ಅದು. ಗಾರ್ಡ್ ಇರುವುದು ಗಾಡಿಯ ಕೊನೆಯ ಡಬ್ಬಿಯಲ್ಲಿ, ಡ್ರೈವರ್ ಇರುವುದು ಮುಂದೆ ಎಂಜಿನ್ನಿನಲ್ಲಿ. ಸ್ಟೇಷನ್ ಬಿಡುವಾಗ ಗಾರ್ಡ್ ಗಾಡಿಯ ಉದ್ದಕ್ಕೂ ಕಣ್ಣು ಹಾಯಿಸಿ, ಹಿಂದೆ ಎಲ್ಲ ಸರಿ ಇದೆ ಎಂದು ಹಸಿರು ಬಾವುಟ ಬೀಸಬೇಕು. ಮುಂದಿನಿಂದ ಉತ್ತರ ಬರುತ್ತದೆ. ಅವರು ಊಟ ಮಾಡುತ್ತಿದ್ದುದೂ ಆ ಡಬ್ಬಿಯಲ್ಲೇ, ಒಬ್ಬರೇ, ಮುಂದಿನ ಸ್ಟೇಷನ್ ಬರುವುದರೊಳಗೆ. ಪ್ರಾರ್ಥನೆಯೂ ಅದಕ್ಕೆ ತಕ್ಕ ಹಾಗೆ ಚಿಕ್ಕದಾಗಿತ್ತು.

"ಡ್ರೈವರ್ ಮಾರಿ ಕಾಣಂಗಿಲ್ರೀ" ಎಂದು ಅವರು ಒಮ್ಮೆ ಹೇಳಿದ್ದರು. "ಮುಂದ ಏನೈತಿ ಅಂತ ಗಾರ್ಡಿಗಿ ಗೊತ್ತಾಗಂಗಿಲ್ಲ. ಹಿಂದ ಹ್ವಾದ ಹಳಿ ಅಷ್ಟ ಕಾಣಸ್ತೈತಿ. ಅಂವ ಕರ್ಕೊಂಡು ಹೊಕ್ಕಾನ ಅಂತ ನಂಬಿ ಕುಂಡ್ರಬೇಕು. ನನಗ ಪಾಸ್ಟರ್ ಪ್ರಸಂಗ ಕೇಳಿ ಭಕ್ತಿ ಬರ್ಲಿಲ್ಲ, ಕಡೀ ಡಬ್ಬ್ಯಾಗ ಕುಂತು ಬಂತು."

ಇನ್ನೊಂದು ಮಾತನ್ನೂ ಅವರು ಆಗಾಗ ಹೇಳುವವರು. ಒಮ್ಮೆ ನಡುಮಧ್ಯಾಹ್ನ ಒಂದು ಡಬ್ಬಿಯ ಗಾಲಿಯಿಂದ ಹೊಗೆ ಬಂದದ್ದು ಕಂಡು ಕೆಂಪು ತೋರಿಸಿ ಗಾಡಿ ನಿಲ್ಲಿಸಿದರಂತೆ. ಸುತ್ತ ಒಂದು ಮರವಿಲ್ಲ, ಬಿಸಿಲು ಸುಡುತ್ತಿದೆ, ಪ್ಯಾಸೆಂಜರುಗಳೆಲ್ಲ ಇಳಿದು ಬಂದು ಮೂರು ಭಾಷೆಯಲ್ಲಿ ಬೈದರಂತೆ. "ಬೈಸ್ಕೊಂಡ್ಯಾ. ಆದ್ರ ಸುಳ್ಳ ಹಸಿರು ತೋರ್ಸಲಿಲ್ಲ. ಸರಿ ಇಲ್ದಾಗ ಸರಿ ಐತಿ ಅನಬಾರ್ದು." ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ ಬೈಗುಳಗಳೂ ನನಗೆ ಬಾಯಿಪಾಠವಾಗಿದ್ದವು.

ಅವರ ಪ್ರಾರ್ಥನೆಯಿಂದ ಚರ್ಚಿನಲ್ಲಿ ಒಂದು ಫಜೀತಿಯಾಗಿತ್ತು. ಕನ್ನಡದವರ ಆರಾಧನೆ ಮಧ್ಯಾಹ್ನ, ತೆಲುಗಿನವರದು ಮುಗಿದ ಮೇಲೆ. ನಿವೃತ್ತರಾದ ಹೊಸತರಲ್ಲಿ ಪಾಸ್ಟರು ಗೌರವದಿಂದ ಕೊನೆಯ ಪ್ರಾರ್ಥನೆಯನ್ನು ಇವರಿಗೆ ಒಪ್ಪಿಸಿದರು. ಎಲ್ಲರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿದರು. ಇವರು ತಮ್ಮದನ್ನು ಹೇಳಿದರು, ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡರು. ಒಳಗೆ ಯಾರೂ ಕಣ್ಣು ತೆರೆಯಲಿಲ್ಲ. ಗಾರ್ಡ್ ಸಾಹೇಬರಿಗೆ ದುಃಖ ಒತ್ತರಿಸಿ ಮಾತು ನಿಂತಿದೆ, ಈಗ ಮುಂದುವರಿಸುತ್ತಾರೆ ಎಂದು ಇಡೀ ಸಭೆ ಕಾಯುತ್ತಾ ಕೂತಿತ್ತು. ಯಾರೋ ಒಬ್ಬ ಹೆಂಗಸು ಬಿಕ್ಕಿದಳಂತೆ ಕೂಡ. ಕೊನೆಗೆ ಹೊರಗಿನಿಂದ ಇವರ ಸ್ಕೂಟರ್ ಶುರುವಾದ ಸದ್ದು ಕೇಳಿದ ಮೇಲೆ ಪಾಸ್ಟರು ಆಮೆನ್ ಎಂದರು.

ನಿವೃತ್ತಿಯ ಮೊದಲ ದಿನಗಳ ಕಥೆಗಳನ್ನೆಲ್ಲ ಹೇಳಿದವರು ಅಮ್ಮಾರು. ಕೆಲಸದಲ್ಲಿದ್ದಷ್ಟು ಕಾಲ ಈ ಮನುಷ್ಯ ಮನೆಯಲ್ಲಿ ನೆಟ್ಟಗೆ ಮೂರು ಹೊತ್ತು ಉಂಡವರಲ್ಲ. ಮನೆ ತಾನಾಗಿ ನಡೆಯುತ್ತಿತ್ತು. ನಿವೃತ್ತರಾದ ಮಾರನೆಯ ಬೆಳಿಗ್ಗೆ ಹಾಲು ತಡವಾಯಿತೆಂದು ಬಾಗಿಲಲ್ಲಿ ನಿಂತು ಸೀಟಿ ಊದಿದರು. ಹಾಲಿನವನು ಬೆದರಿ ಪಕ್ಕದ ಓಣಿಗೆ ಹೋದ. ಆಮೇಲೆ ಅಡುಗೆಮನೆಗೆ ಒಂದು ವೇಳಾಪಟ್ಟಿ ಬರೆದು ಅಂಟಿಸಿದರು. ಅಮ್ಮಾರು ಅದನ್ನು ಕಿತ್ತು, ಹಿಟ್ಟಿನ ಡಬ್ಬದ ಕೆಳಗೆ ಹಾಸಿಕೊಂಡರು. ಅದೇ ಕಾಲಕ್ಕೆ ರೈಲ್ವೆಯವರು ಗಾರ್ಡ್ ಎನ್ನುವ ಹೆಸರು ತೆಗೆದು ಟ್ರೈನ್ ಮ್ಯಾನೇಜರ್ ಎಂದು ಮಾಡಿದರು. ಇವರಿಗೆ ಸಿಟ್ಟು ನೆತ್ತಿಗೇರಿತು. "ನಾ ಹೋಗೂದ ಕಾಯಾಕತ್ತಿದ್ರು ನೋಡು! ಒಂದ ವರ್ಷ ಮೊದ್ಲ ಮಾಡಿದ್ರ ನಾನೂ ಮ್ಯಾನೇಜರ್ ಆಗಿರ್ತಿದ್ಯಾ."

"ಮನ್ಯಾಗ ಮ್ಯಾನೇಜರ್ ಒಬ್ರ ಇರ್ಬೇಕ್ರಿ, ನಾ ಇದ್ದೀನಿ" ಎಂದರಂತೆ ಅಮ್ಮಾರು.

ಗಾರ್ಡ್ ಸಾಹೇಬರು ಸೋಲೊಪ್ಪಿಕೊಂಡದ್ದು ಆಗಲೇ. "ರಿಟೈರ್ ಆದ್ಮ್ಯಾಲ ನಾ ಕಲತದ್ದ ಒಂದ ಪಾಠ ಟೀಚರ್‌ಬಾಯಿ. ಈ ಗಾಡಿಗಿ ನಾ ಗಾರ್ಡ್ ಅಲ್ಲ, ಪ್ಯಾಸೆಂಜರ್. ಅದೂ ವೇಟಿಂಗ್ ಲಿಸ್ಟ್."

ಆದರೆ ರೊಟ್ಟಿಯ ವಿಷಯದಲ್ಲಿ ಮಾತ್ರ ಅವರು ಸುಲಭಕ್ಕೆ ಬಗ್ಗಲಿಲ್ಲ. ಜೀವಮಾನವೆಲ್ಲ ಡಬ್ಬಿಯ ತಣ್ಣನೆ ಬುತ್ತಿ ತಿಂದವರಿಗೆ ಇನ್ನಾದರೂ ಬಿಸಿ ರೊಟ್ಟಿ ತಿನ್ನುವ ಆಸೆ. ಬಿಸಿ ರೊಟ್ಟಿಗೂ ಬಾಯಿಗೂ ನಡುವೆ ಅಮ್ಮಾರ ಪ್ರಾರ್ಥನೆ, ದಿನಕ್ಕೆ ಮೂರು ಹೊತ್ತು. ರೊಟ್ಟಿ ಹಂಚಿಗೆ ಹಾಕುವ ಮೊದಲೇ ಪ್ರಾರ್ಥನೆ ಮುಗಿಸೋಣ ಎಂದು ಅವರು ಸೂಚಿಸಿದರು. "ಇನ್ನಾ ತಟ್ಟಲಾರದ ರೊಟ್ಟಿಗಿ ಹ್ಯಾಂಗ ಸ್ತೋತ್ರ ಹೇಳಲಿ? ದೇವ್ರು ನಗಂಗಿಲ್ಲೇನು?" ಎಂದು ಅಮ್ಮಾರು ತಳ್ಳಿಹಾಕಿದರು. ಕೊನೆಗೆ ಅವರು ಕೋಠಿಯ ಬಜಾರಿಗೆ ಹೋಗಿ, ಅಂಗಡಿ ಅಂಗಡಿ ಸುತ್ತಿ, ಒಂದು ದೊಡ್ಡ ಹಾಟ್‌ಬಾಕ್ಸ್ ತಂದರು. ಅಂದು ಅವರ ಮುಖ ನೋಡಬೇಕಿತ್ತು. ರೊಟ್ಟಿಗಳನ್ನು ಅದರೊಳಗೆ ಇಟ್ಟು, ಮುಚ್ಚಳ ಬಿಗಿದು, "ಈಗ ಮಾಡು" ಎಂದರು.

ಅಮ್ಮಾರು ಮುಚ್ಚಳವನ್ನು ನೋಡಿದರು. ರೊಟ್ಟಿ ಆರುವ ಭಯ ಇನ್ನಿಲ್ಲ ಎಂದು ಅವರಿಗೆ ಹೊಳೆಯಿತು. ಇಷ್ಟು ದಿನ ಅವಸರಕ್ಕೆ ಬಿಟ್ಟಿದ್ದ ನೆಂಟರಿಷ್ಟರನ್ನೆಲ್ಲ ಅಂದಿನಿಂದ ಸೇರಿಸಿಕೊಂಡರು. ಹಾಟ್‌ಬಾಕ್ಸ್ ಬಂದ ಮೇಲೆ ಪ್ರಾರ್ಥನೆ ವಾರದ ದಿನವೂ ಮೆಹಬೂಬ್‌ನಗರಕ್ಕೆ ಹೋಗತೊಡಗಿತು.

ಅಷ್ಟರಲ್ಲಿ ನನ್ನ ಊಟವೂ ಕೆಳಗೆ ಅವರ ಜೊತೆಯಲ್ಲೇ ಆಗುತ್ತಿದ್ದುದರಿಂದ ಆ ಪ್ರಾರ್ಥನೆಯಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು. "ಟೀಚರ್‌ಬಾಯಿಗಿ ಚೊಲೋ ಗಂಡನ್ನ ಕೊಡು, ಇಲ್ಲಾಂದ್ರ ಗಂಡಿಲ್ದ ಆರಾಮ ಇರೂ ಬುದ್ಧಿ ಕೊಡು" ಎಂದು ಅಮ್ಮಾರು ನನ್ನೆದುರಿಗೇ ಬೇಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಎಂಥದು ಮಾರಾಯ್ರೇ, ನಾನು ಕೇಳಿದ್ದೇನಾ?" ಎಂದು ಒಮ್ಮೆ ಹೇಳಿಯೂ ಹೇಳಿದೆ. "ನೀವು ಕೇಳಂಗಿಲ್ಲ ಅಂತನ ನಾ ಕೇಳಾಕತ್ತೀನಿ" ಎಂದರು. ನನ್ನ ನಂತರ, ಎಲ್ಲಕ್ಕಿಂತ ಕೊನೆಗೆ, ಗಾರ್ಡ್ ಸಾಹೇಬರ ಸರದಿ. "ಈ ಮನಿಷ್ಯಾನ ಹಟಾ ಕಡಿಮಿ ಮಾಡು. ಆಮೆನ್." ಆ ಆಮೆನ್‌ಗೆ ಮಾತ್ರ ಗಾರ್ಡ್ ಸಾಹೇಬರು ದನಿಗೂಡಿಸುತ್ತಿರಲಿಲ್ಲ.

ಹೀಗೆ ಇರುವಾಗ ಒಂದು ಬೆಳಿಗ್ಗೆ ಅಮ್ಮಾರು ಹಿಟ್ಟು ನಾದುತ್ತಾ ನಾದುತ್ತಾ ಮಾತು ತೊದಲಿ ಪಕ್ಕಕ್ಕೆ ವಾಲಿದರು. ಪಾರ್ಶ್ವವಾಯು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಎಲ್ಲವೂ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಏನೂ ಹೊರಡುವುದಿಲ್ಲ. ಮಾತು ಮರಳಿ ಬರಬಹುದು, ಬರದೆಯೂ ಇರಬಹುದು, ಮನೆಯವರು ಅವರ ಹತ್ತಿರ ಮಾತಾಡುತ್ತಲೇ ಇರಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಕೆಲಸದ ಕಾಲವೆಲ್ಲ ಒಂಟಿ ಡಬ್ಬಿಯಲ್ಲಿ ಕೂತು ಬಾವುಟದಲ್ಲೇ ಮಾತಾಡಿದ ಮನುಷ್ಯ ಈಗ ಏನೆಂದು ಮಾತಾಡಿಯಾರು?

ಮನೆಗೆ ಕರೆತಂದ ದಿನ ಮಗಳು ಅಡುಗೆ ಮಾಡಿಟ್ಟು ಹೋಗಿದ್ದಳು. ರೊಟ್ಟಿಯನ್ನು ಮಾತ್ರ ಗಾರ್ಡ್ ಸಾಹೇಬರು ತಾವೇ ತಟ್ಟಿದ್ದರು. ಅಂಚು ಹರಿದು, ನಡುವೆ ದಪ್ಪಗಿತ್ತು. ಹಾಟ್‌ಬಾಕ್ಸ್ ನಡುವಿಗಿಟ್ಟು ಮೂವರೂ ಕೂತೆವು. ಅಮ್ಮಾರು ಎಡಗೈಯಿಂದ ಸೆರಗು ಎಳೆದುಕೊಳ್ಳಲು ನೋಡಿದರು, ಆಗಲಿಲ್ಲ. ನಾನು ಎಳೆದುಕೊಟ್ಟೆ. ಅವರ ತುಟಿ ಅಲುಗಿತು, ದನಿ ಬರಲಿಲ್ಲ. ಕಣ್ಣಿನಿಂದ ನೀರು ಇಳಿಯಿತು.

"ಎಲ್ಲಾ..." ಎಂದು ಶುರು ಮಾಡಿದ ಗಾರ್ಡ್ ಸಾಹೇಬರು ಅಲ್ಲೇ ನಿಂತರು. ಮತ್ತೆ "ಎಲ್ಲಾ" ಎಂದರು, ಮತ್ತೆ ನಿಂತರು. ನಾನು ಒಂದು ಕಣ್ಣು ತೆರೆದು ನೋಡಿದೆ. ಅವರ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು.

"ಪರಲೋಕದಾಗಿರೋ ತಂದಿ" ಎಂದರು ಅವರು. "ಮುಂಜಾನಿ ಸೂರ್ಯನ್ನ ಕಳಿಸಿದ್ದಕ್ಕ ಸ್ತೋತ್ರ. ನಳದಾಗ ನೀರು ಬಂದದ್ದಕ್ಕ ಸ್ತೋತ್ರ. ಬರಲಾರ್ದ ದಿನಾ ಟ್ಯಾಂಕರ್ ಬಂದದ್ದಕ್ಕ ಸ್ತೋತ್ರ..."

ಅದು ಅಮ್ಮಾರ ಪ್ರಾರ್ಥನೆ. ಎರಡು ಸರ್ಕಾರಗಳು ಬಂದವು, ಎದುರುಮನೆಯ ಮೊಣಕಾಲು ಬಂತು, ಮೆಟ್ರೊ ಹುಡುಗರು, ಮಗಳು, ಮಗಳ ಅತ್ತೆ, ಹಾಟ್‌ಬಾಕ್ಸ್ ಬಂದ ಮೇಲೆ ಸೇರಿದ ನೆಂಟರು, ಒಬ್ಬರೂ ಬಿಟ್ಟುಹೋಗಲಿಲ್ಲ, ಒಬ್ಬರೂ ಹಿಂದುಮುಂದಾಗಲಿಲ್ಲ. ನನ್ನ ಗಂಡನೂ ಬಂದ. ಆ ದಿನ ನನಗೆ ಮೈ ಉರಿಯಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೆ. "ಆಮೆನ್" ಎಂದು ಅವರು ಮುಗಿಸಿದರು.

ಟಣ್ಣೆಂದು ಸದ್ದಾಯಿತು. ಅಮ್ಮಾರು ಎಡಗೈಯಲ್ಲಿ ತಾಟನ್ನು ಬಡಿದಿದ್ದರು. ಕಣ್ಣು ಕೆಂಪಗಿದ್ದವು, ಬೆರಳು ಗಂಡನ ಎದೆಗೆ ನೆಟ್ಟಗೆ ಗುರಿಯಿಟ್ಟಿತ್ತು.

ಗಾರ್ಡ್ ಸಾಹೇಬರು ಬೆರಳು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಣ್ಣು ಮುಚ್ಚಿದರು. "ಈ ಮನಿಷ್ಯಾನ ಹಟಾ ಕಡಿಮಿ ಮಾಡು" ಎಂದರು ಸಣ್ಣ ದನಿಯಲ್ಲಿ. "ಆಮೆನ್." ಅಮ್ಮಾರ ತುಟಿಯ ಒಂದು ಬದಿ ನಕ್ಕಿತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಕಂಡ ಮೊದಲ ನಗು ಅದು.

ತಾಟು ತೊಳೆಯುವಾಗ ಕೇಳಿದೆ, "ಅಷ್ಟೆಲ್ಲ ಹೇಗೆ ನೆನಪಿಟ್ಟುಕೊಂಡ್ರಿ ಸಾಹೇಬ್ರೇ? ನೀವು ಸ್ಟೇಷನ್ ಎಣಿಸ್ತಾ ಇದ್ರಲ್ಲ?"

"ಹೊಟ್ಟಿ ಹಸದಾಗ ಕೇಳಿದ್ದು ಮರಿಯಂಗಿಲ್ರೀ" ಎಂದರು.

"ನಿಮ್ಮ ಚಿಕ್ಕ ಪ್ರಾರ್ಥನೆಯನ್ನೇ ಹೇಳಬಹುದಿತ್ತಲ್ಲ?"

ಅವರಿಗೆ ಸಿಟ್ಟೇ ಬಂತು. "ಎಲ್ಲಾ ಸರಿ ಎಲ್ಲೈತ್ರೀ? ಆಕಿ ಹಂಗ ಮೂಕಾಗಿ ಕುಂತಾಗ ನಾ ಸುಳ್ಳ ಹಸಿರು ತೋರ್ಸಲೇನು?" ತಾಟು ಒರೆಸುತ್ತಾ, "ಆಕಿ ಮಾತು ಸದ್ಯಕ್ಕ ನನ್ನ ಕಡೆ ಐತಿ. ಇಟ್ಕೊಂಡೀನಿ. ಬಂದು ತಗೊಂಡು ಹೋಗ್ಲಿ" ಎಂದರು.

ಅಲ್ಲಿಂದ ಮೂರು ಹೊತ್ತೂ ಅವರದೇ ಪ್ರಾರ್ಥನೆ. ದಿನ ಕಳೆದಂತೆ ತಮ್ಮದನ್ನೂ ಸೇರಿಸುತ್ತಾ ಹೋದರು. ಅಮ್ಮಾರ ಬಲಗೈಯ ಒಂದೊಂದು ಬೆರಳಿಗೆ, ನಾಲಿಗೆಗೆ, ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ, ಆಕೆಯ ಸ್ಕೂಟಿಗೆ. ಒಮ್ಮೆ ಪಾಸ್ಟರಿಗೆ ಅವಸರವಿದ್ದ ಭಾನುವಾರ, ಬೇಗ ಮುಗಿಯಲೆಂದು ಕೊನೆಯ ಪ್ರಾರ್ಥನೆಯನ್ನು ಗಾರ್ಡ್ ಸಾಹೇಬರಿಗೆ ಕೊಟ್ಟರು. ಜನ ಎದ್ದು ಚಪ್ಪಲಿಯತ್ತ ಕಾಲು ಚಾಚಿದ್ದರು. ಇವರು ಸೂರ್ಯನಿಂದ ಶುರು ಮಾಡಿದರು. ಸಂಜೆಯ ಕೂಟಕ್ಕೆ ಮತ್ತೆ ಬಂದ ತೆಲುಗಿನವರು ಬಾಗಿಲಲ್ಲಿ ನಿಂತು ಇಣುಕತೊಡಗಿದರೂ ಇವರು ಇನ್ನೂ ಟ್ಯಾಂಕರಿನವನ ಮಗುವಿನ ಹಲ್ಲು ಹುಟ್ಟುವುದರಲ್ಲಿದ್ದರು. ಅಂದು ಅವರ ಜೊತೆ ಹೋಗಿದ್ದ ನಾನು ಮನೆಗೆ ಬಂದು ಇದನ್ನು ಅಮ್ಮಾರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಸದ್ದಿಲ್ಲದೆ.

ಆ ಸದ್ದಿಲ್ಲದ ನಗು ನನಗೆ ಸಹಿಸಲು ಕಷ್ಟವಾಗುತ್ತಿತ್ತು. ಬೆರಳುಗಳು ಸ್ವಲ್ಪ ಸ್ವಲ್ಪ ಮಡಚತೊಡಗಿದವು, ಕೋಲು ಹಿಡಿದು ನಡೆದಾಡಿದರು, ಮಾತು ಮಾತ್ರ ಬರಲಿಲ್ಲ. ಇನ್ನು ಬರುವುದು ಅನುಮಾನ ಎಂದು ಮಗಳೂ ನಾನೂ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡಿಕೊಳ್ಳುವ ಹಂತಕ್ಕೆ ಬಂದಿದ್ದೆವು. ಗಾರ್ಡ್ ಸಾಹೇಬರ ಮುಂದೆ ಹಾಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವರ ರೊಟ್ಟಿ ಮಾತ್ರ ಅಷ್ಟರಲ್ಲಿ ತೆಳ್ಳಗೆ, ದುಂಡಗೆ ಬರುತ್ತಿತ್ತು.

ಅದೊಂದು ಸಾಮಾನ್ಯ ಭಾನುವಾರ. ಚರ್ಚಿನಿಂದ ಬಂದದ್ದು ತಡವಾಗಿ, ಹಸಿವು ವಿಪರೀತವಾಗಿತ್ತು. ಮಟನ್ ಸಾರಿನ ವಾಸನೆ ಮನೆಯೆಲ್ಲ ತುಂಬಿತ್ತು. ಗಾರ್ಡ್ ಸಾಹೇಬರು ಹಾಟ್‌ಬಾಕ್ಸಿನ ಮುಚ್ಚಳ ತೆಗೆದು ಮೂವರಿಗೂ ರೊಟ್ಟಿ ಹಾಕಿ, ಸಾರು ಬಡಿಸಿ, ಆಮೇಲೆ ಕಣ್ಣು ಮುಚ್ಚಿದರು. ಶಾದ್‌ನಗರ ದಾಟಿತು. ಮೆಹಬೂಬ್‌ನಗರ ದಾಟಿತು. ನಾನು ಒಂದು ಕಣ್ಣು ತೆರೆದೆ. ಸಾರಿನ ಮೇಲೆ ಕೊಬ್ಬು ಗಟ್ಟಿಯಾಗುತ್ತಿತ್ತು. ಅಮ್ಮಾರ ಎರಡೂ ಕಣ್ಣು ತೆರೆದಿದ್ದವು, ಅವು ರೊಟ್ಟಿಯನ್ನು ನೋಡುತ್ತಿದ್ದವು. ನಾನು ಅವರ ಕಡೆ ವಾಲಿ "ಗದ್ವಾಲ" ಎಂದೆ.

ಅಮ್ಮಾರು ತಾಟು ಬಡಿದರು. ಗಾರ್ಡ್ ಸಾಹೇಬರು ಯಾರನ್ನೋ ಬಿಟ್ಟೆನೆಂದು ತಿಳಿದು, ಮತ್ತೆ ಮಗಳ ಅತ್ತೆಯಿಂದ ಶುರು ಮಾಡಿದರು. ಅಮ್ಮಾರು ಇನ್ನೊಮ್ಮೆ ಬಡಿದರು. ಅವರು ಇನ್ನೂ ಹಿಂದಕ್ಕೆ, ಎದುರುಮನೆಯ ಮೊಣಕಾಲಿಗೆ ಹೋದರು. ಅಮ್ಮಾರ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ತುಟಿ ಒಂದು ಬದಿಗೆ ಎಳೆಯಿತು.

"ಎ... ಎಲ್ಲಾ..."

ಗಾರ್ಡ್ ಸಾಹೇಬರ ಪ್ರಾರ್ಥನೆ ಥಟ್ಟನೆ ನಿಂತಿತು.

"ಎಲ್ಲಾ ಸ... ಸರಿ ಐತಿ" ಎಂದರು ಅಮ್ಮಾರು. ದನಿ ಒಡೆದಿತ್ತು, ಸಿಟ್ಟು ಮಾತ್ರ ಹಳೆಯದೇ. "ಗಾಡಿ... ಬಿಡ್ರಿ."

ಗಾರ್ಡ್ ಸಾಹೇಬರು ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಗಳ ಕೆಳಗಿನಿಂದ ನೀರು ಇಳಿದು ಮೀಸೆಗೆ ಬಂತು. ಹಾಗೇ ಕೂತು ಬಲಗೈ ಮೇಲೆತ್ತಿ, ಬಾವುಟವಿಲ್ಲದ ಬರಿಗೈಯನ್ನು ನಿಧಾನವಾಗಿ ಆಚೆಗೊಮ್ಮೆ ಈಚೆಗೊಮ್ಮೆ ಬೀಸಿದರು. ಆಮೆನ್ ಹೇಳಲು ಯಾರಿಗೂ ನೆನಪಾಗಲಿಲ್ಲ. ಅಮ್ಮಾರು ಆಗಲೇ ಎಡಗೈಯಿಂದ ತಣ್ಣಗಿನ ರೊಟ್ಟಿ ಮುರಿಯುತ್ತಿದ್ದರು.